ಕವಲೇದುರ್ಗಕ್ಕೆ ನೂಲಿನ ಅಳತೆ

ನಲವತ್ತು ದಾಟಿದ ಮೇಲೆ ನನಗೆ ಹತ್ತಿದ ಹುಚ್ಚು ಇದು. ಮೇಜಿನ ಮೇಲೆ ಗುಡ್ಡ, ಕಾಡು, ಕೋಟೆ ಕಟ್ಟಿ, ಹೆಬ್ಬೆರಳಿನಷ್ಟು ಎತ್ತರದ ಸೈನಿಕರನ್ನು ನಿಲ್ಲಿಸಿ ಯುದ್ಧ ಆಡುವುದು. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಸೈನಿಕ ಎಷ್ಟು ದೂರ ನಡೆದ, ಅವನ ಕೋವಿ ಎಲ್ಲಿಯವರೆಗೆ ಮುಟ್ಟುತ್ತದೆ ಎನ್ನುವುದನ್ನು ಟೇಪು ಹಿಡಿದು ಇಂಚಿನಲ್ಲಿ ಅಳೆಯಬೇಕು. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ನಾನು ಕೋಣಂದೂರಿನಲ್ಲಿ ಗಣಿತ ಪಾಠ ಮಾಡುವವಳು. ಜೊತೆಗೆ ಆಡುವವರು ಇಬ್ಬರು. ಒಬ್ಬಳು ಸಾಗರದ ಗೆಳತಿ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಇನ್ನೊಬ್ಬರು ನಿಟ್ಟೂರು ಕಡೆಯ ಪಶುವೈದ್ಯರು. ಮೂವರಿಗೂ ನಡುವೆ ಬೀಳುವ ಊರು ಹೊಸನಗರ. ಅಲ್ಲಿ ವೈದ್ಯರ ಪರಿಚಯದವರ ಖಾಲಿ ಮಹಡಿಯೇ ನಮ್ಮ ರಣರಂಗ.

ಥರ್ಮೋಕೋಲು, ಮರದ ಹೊಟ್ಟು, ಅಂಟು ಹಾಕಿ ನಮ್ಮ ಕಡೆಯ ಹಳೆಯ ಬೆಟ್ಟದ ಕೋಟೆ ಕವಲೇದುರ್ಗವನ್ನು ಕಟ್ಟಿದೆವು. ಮೊದಲ ಆಟದಲ್ಲಿ ಕೋಟೆ ನನ್ನದು, ದಾಳಿ ವೈದ್ಯರದು. ಗೋಡೆಯಂತೆ ನೆಟ್ಟಗೆ ನಿಂತ ಧರೆಯ ಬುಡದಿಂದ ತುದಿಗೆ ಅವರು ಟೇಪನ್ನು ಗಾಳಿಯಲ್ಲೇ ಹಿಡಿದರು. ನಾಲ್ಕಿಂಚು! ಒಂದು ಸರದಿಗೆ ಆರಿಂಚು ನಡೆಯುವ ಅವರ ಕಾಲಾಳುಗಳು ಒಂದೇ ನಡೆಗೆ ಕೋಟೆಯೊಳಗೆ ಬಂದುಬಿಟ್ಟರು.

ನನಗೆ ಸಿಟ್ಟು ಬಂತು. "ಡಾಕ್ಟ್ರೇ, ಆ ಧರೆನ ನೀವು ಒಂದೇ ಉಸಿರಿಗೆ ಹತ್ತಿ ತೋರ್ಸಿ ನೋಡೋಣ!"

"ಆಟದ ನಿಯಮದ ಪುಸ್ತಕದಲ್ಲಿ ಹಂಗೇ ಇದೆಯಲ್ಲ ಮೇಡಂ."

ಗೆಳತಿ ದಾಳ ಕೆಳಗಿಟ್ಟಳು. "ಹಂಗಾರೆ ಪುಸ್ತಕನೇ ಸರಿ ಇಲ್ಲೆ. ಅದನ್ನ ಬರೆದವ್ರು ಬಯಲು ಸೀಮೆಯವ್ರು. ನಮ್ಮ ಗುಡ್ಡಕ್ಕೆ ನಾವೇ ಬೇರೆ ನಿಯಮ ಮಾಡನ."

ಮುಂದಿನ ರಜೆಗೆ ಮೂವರೂ ನಿಜವಾದ ಕವಲೇದುರ್ಗ ಹತ್ತಿದೆವು. ವೈದ್ಯರು ಎರಡನೆಯ ಬಾಗಿಲಲ್ಲೇ ಏದುಸಿರು ಬಿಡುತ್ತ ಕೂತರು. "ಆಯ್ತು ಮೇಡಂ, ಒಪ್ಕೊಂಡೆ" ಎಂದರು. ಕೆಳಗಿನ ಬಾಗಿಲಿನಿಂದ ಮೇಲಿನದು ಕಾಣುವುದಿಲ್ಲ, ದಾರಿ ತಿರುಗಿಕೊಳ್ಳುತ್ತದೆ. ಮೇಲೆ ನಿಂತವನಿಗೆ ದೂರದ ಬಯಲೆಲ್ಲ ಕಾಣುತ್ತದೆ, ಆದರೆ ಗೋಡೆಯ ಬುಡಕ್ಕೆ ಅಂಟಿ ನಿಂತವನು ಕಾಣುವುದಿಲ್ಲ. ಕಾಡಿನೊಳಗೆ ಹೊಕ್ಕ ಗೆಳತಿ ಮಾತಾಡುತ್ತಲೇ ಇದ್ದಳು. ಎಲ್ಲಿದ್ದಾಳೆಂದು ನಮಗೆ ಗೊತ್ತಾಗಲಿಲ್ಲ.

ಇದೆಲ್ಲ ನಿಯಮವಾಯಿತು. ಟೇಪಿನ ಬದಲು ನೂಲು ಬಂತು. ನೂಲನ್ನು ನೆಲಕ್ಕೆ ತಾಗಿಸಿ, ಗುಡ್ಡದ ಉಬ್ಬುತಗ್ಗಿನ ಮೇಲೇ ಹಾಯಿಸಬೇಕು. ಏರಿನಲ್ಲಿ ಒಂದಿಂಚು ನೂಲೆಂದರೆ ಎರಡಿಂಚು ನಡೆದ ಲೆಕ್ಕ. ಧರೆಯನ್ನು ನೇರ ಹತ್ತುವಂತಿಲ್ಲ. ಮರಗಳ ನಡುವೆ ಇರುವವನಿಗೆ ಗುಂಡು ಹೊಡೆಯಬೇಕಾದರೆ ಮೂರಿಂಚಿನಷ್ಟು ಹತ್ತಿರ ಬಂದಿರಬೇಕು. ತಿರುವಿನಾಚೆಗೆ ಕೋವಿ ಕೆಲಸ ಮಾಡುವುದಿಲ್ಲ.

ಸುದ್ದಿ ಹೇಗೋ ಮಂಗಳೂರಿನವರೆಗೆ ಹೋಗಿ, ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಹಳೆಯ ಆಟಗಾರರೊಬ್ಬರು ಘಟ್ಟ ಹತ್ತಿ ಬಂದರು. ನೂಲಿನ ಉಂಡೆ ನೋಡಿ ನಕ್ಕರು. "ಇದು ಎಂತ, ಹೊಲಿಗೆ ಕ್ಲಾಸಾ ಮಾರ್ರೆ?"

ಕೋಟೆ ನನ್ನದು ಮತ್ತು ಗೆಳತಿಯದು, ದಾಳಿ ಎಂಜಿನಿಯರರದು. ಅವರು ಮುಂಬಾಗಿಲಿಗೆ ನುಗ್ಗಿದರು. ಏರು ದಾರಿಯಲ್ಲಿ ಅವರ ಜನ ತೆವಳುತ್ತ ಬರುವಷ್ಟರಲ್ಲಿ ನಮ್ಮ ಕೋವಿಗಳು ಅರ್ಧ ಪಡೆಯನ್ನು ಮಲಗಿಸಿದವು. ಪಕ್ಕದಲ್ಲಿ ನೋಡುತ್ತ ಕೂತಿದ್ದ ವೈದ್ಯರು ಆಗಲೇ ನನಗೆ ಕೈಕುಲುಕಲು ಎದ್ದಿದ್ದರು.

ಎಂಜಿನಿಯರರ ನಗು ನಿಂತಿತು. ನೂಲು ಹಿಡಿದು ಮೇಜಿನ ಸುತ್ತ ಬಂದು, ಹಿಂಬದಿಯ ಹಳ್ಳದಲ್ಲಿ ಅದನ್ನು ಹಾಯಿಸಿದರು. ನೋಡಲು ಸುತ್ತುದಾರಿ. ಆದರೆ ಹಳ್ಳದಲ್ಲಿ ಏರು ಕಡಿಮೆ, ಆದ್ದರಿಂದ ನಡಿಗೆಯ ಲೆಕ್ಕವೂ ಕಡಿಮೆ. ಮೇಲೆ ಪೂರ್ತಿ ಮರ. ಅವರ ಸೈನಿಕರು ಮೂರಿಂಚಿನಷ್ಟು ಹತ್ತಿರ ಬರುವವರೆಗೆ ನಾವು ಗುಂಡು ಹಾರಿಸುವಂತೆಯೇ ಇರಲಿಲ್ಲ. ಅಷ್ಟು ಹತ್ತಿರಕ್ಕೆ ಬಂದಾಗ ನಮ್ಮವರೆಲ್ಲ ಮುಂಬಾಗಿಲಲ್ಲಿದ್ದರು. ಕೋಟೆ ಬಿತ್ತು.

"ಹಳ್ಳಕ್ಕೆ ಇಬ್ಬರನ್ನ ಕಾವಲಿಗೆ ಹಾಕ್ಬಾರ್ದಿತ್ತಾ?" ಎಂದು ವೈದ್ಯರು ಗೊಣಗಿದರು. ನನಗೆ ಅದು ಕೇಳಿಸಿದರೂ ತಾಗಲಿಲ್ಲ. ನಾವು ಮಾಡಿದ ಗುಡ್ಡವನ್ನು ಹೊಸಬರೊಬ್ಬರು ನಿಜವಾದ ಗುಡ್ಡದಂತೆ ಓದಿ, ದಾರಿ ಹುಡುಕಿ ಹತ್ತಿದ್ದರು. ಸೋತೂ ಎದೆ ಉಬ್ಬಿದ್ದು ನನಗೆ ಅದೇ ಮೊದಲು. ಗೆಳತಿಯ ಮುಖ ನೋಡಿದೆ, ಅವಳೂ ನಗುತ್ತಿದ್ದಳು.

"ಎಷ್ಟೋ ಊರಲ್ಲಿ ಆಡಿದ್ದೇನೆ" ಎಂದರು ಎಂಜಿನಿಯರ್, ಕುರ್ಚಿಗೆ ಒರಗುತ್ತ. "ಮೇಜಿನ ಆಟದಲ್ಲಿ ಕಾಲು ನೋವು ಬಂದ ಹಾಗೆ ಆದದ್ದು ಇಲ್ಲಿಯೇ. ಈ ನಿಯಮ ನಾನು ನಮ್ಮಲ್ಲಿಗೆ ತಕೊಂಡು ಹೋಗ್ಲಾ?"

ಕೆಲವು ತಿಂಗಳ ನಂತರ, ಹೊಸನಗರದ ಬಸ್ಸಿನಲ್ಲಿ ಕೂತಿದ್ದಾಗ ನನ್ನ ಫೋನಿಗೆ ಎಂಜಿನಿಯರ್ ಒಂದು ಫೋಟೋ ಕಳಿಸಿದರು. ಯಾವುದೋ ಸಭಾಂಗಣ, ನನಗೆ ಗುರುತೇ ಇಲ್ಲದ ಜನ, ಮೇಜಿನ ಮೇಲಿನ ಒಂದು ಹಸಿರು ಗುಡ್ಡದತ್ತ ಬಗ್ಗಿ, ನೂಲು ಹಿಡಿದು ವಾದ ಮಾಡುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಇಣುಕಿದರು. "ಎಂತದ್ರೀ ಅದು?"

"ಯುದ್ಧದ ಆಟ. ಅದರ ನಿಯಮ ಮಾಡಿದ್ದು ನಾವು. ಹೊಸನಗರದಲ್ಲಿ" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತೇನೋ, ಕಂಡಕ್ಟರ್ ಕೂಡ ತಿರುಗಿ ನೋಡಿದ.