ದುಂಡು ಕನ್ನಡಿ

ನಮ್ಮ ದೊಡ್ಡಪ್ಪ ಗಾಜಿನಂಗಡಿಯಲ್ಲಿ ನಲವತ್ತು ವರ್ಷ ಗಾಜು ಕೊಯ್ದವರು. ಊರಿನ ಅರ್ಧ ಕಿಟಕಿಗಳು ಅವರ ಕೈ ದಾಟಿಯೇ ಹೋದವು. ಆದರೆ ಕೊಯ್ದದ್ದೆಲ್ಲ ನೇರ. ಹರೆಯದಲ್ಲಿ ಒಮ್ಮೆ ದುಂಡಗೆ ಕೊಯ್ಯಲು ಹೋಗಿ ಯಜಮಾನರ ಎದುರೇ ಒಡೆದಿದ್ದರಂತೆ. ಅವತ್ತಿನಿಂದ ದುಂಡಗಿನ ಕೆಲಸ ಬಂದರೆ ಪಕ್ಕದವರ ಕಡೆ ಕೈ ತೋರಿಸುತ್ತಿದ್ದರು. ಇಂಥ ಪುಕ್ಕಲು ಮನುಷ್ಯ ಅರವತ್ತೆರಡಕ್ಕೆ ದುಂಡಗೆ ಕೊಯ್ಯುತ್ತೇನೆ ಎಂದು ಹೊರಟಾಗ, ಅರವತ್ತಕ್ಕೆ ಅರಳುಮರಳು ಎಂದು ನಾನು ನಕ್ಕೆ.

ಕೊಯ್ಯಬೇಕಿದ್ದದ್ದು ದೊಡ್ಡಮ್ಮನ ಕನ್ನಡಿ. ಅದು ಮೊದಲು ಅವಳ ತಾಯಿಯದು, ಅಂದರೆ ನನ್ನ ಅಜ್ಜಿಯದು. ಅಜ್ಜಿಯದೊಂದು ಫೋಟೋ ಕೂಡ ಉಳಿದಿಲ್ಲ. ವಯಸ್ಸಾಗುತ್ತ ದೊಡ್ಡಮ್ಮನ ಮುಖ ಅಜ್ಜಿಯ ಮುಖವೇ ಆಗಿಬಿಟ್ಟಿತ್ತು. ಬೆಳಿಗ್ಗೆ ತಲೆ ಬಾಚುವ ನೆಪದಲ್ಲಿ ಆ ಕನ್ನಡಿಯೊಳಗೆ ಅಮ್ಮನನ್ನು ಮಾತಾಡಿಸುತ್ತಿದ್ದಳು. ಬೇರೆ ಕನ್ನಡಿಯಲ್ಲಿ ಅಮ್ಮ ಬರುವುದಿಲ್ಲ ಎನ್ನುತ್ತಿದ್ದಳು. ಹುಚ್ಚು ಅನ್ನಿ, ನಾನೂ ಅಂದಿದ್ದೆ. ಮೂಲೆಯ ಬಿರುಕು ವರ್ಷಕ್ಕೊಂದು ಬೆರಳು ಬಾಗಿಕೊಂಡು ಬಂದು ಈಗ ಕೆನ್ನೆಯ ಹತ್ತಿರ ನಿಂತಿತ್ತು. ಬಿರುಕು ತೆಗೆಯಲು ನೇರ ಕೊಯ್ದರೆ ಮೂರು ಬೆರಳಗಲದ ಪಟ್ಟಿ ಉಳಿಯುತ್ತಿತ್ತು. ದುಂಡಗೆ ಕೊಯ್ದರೆ ಇಡೀ ಮುಖ.

ಒಡೆದರೆ ಏನು ಗತಿ ಎಂದು ದೊಡ್ಡಮ್ಮ ಕೇಳಿದಳು.

“ಸುಮ್ಮನಿದ್ರೂ ಒಡೆಯುತ್ತೆ ಕಣೇ,” ಎಂದರು ದೊಡ್ಡಪ್ಪ. “ನಾನು ಒಂದು ಕೈ ನೋಡ್ತೀನಿ.”

ಎರಡು ತಿಂಗಳು ಚೂರುಪಾರು ಗಾಜಿನ ಮೇಲೆ ಅಭ್ಯಾಸ ನಡೆಯಿತು. ಕೊಯ್ಯುವ ಪುಟ್ಟ ಚಕ್ರ ಸರಿಯಾಗಿ ಓಡಿದರೆ ಗಾಜು ಸುಯ್ಯೆಂದು ಒಂದೇ ಸಮನೆ ಹಾಡುತ್ತದೆ. ಮಧ್ಯಾಹ್ನದ ಮಂಪರಿನಲ್ಲಿ ಅದನ್ನು ಕೇಳುತ್ತ ಗೋಡೆಗೊರಗಿದರೆ ಅಂಗಡಿಯೇ ಮೆಲ್ಲಗೆ ತಿರುಗುತ್ತಿದೆ ಅನಿಸುತ್ತಿತ್ತು. ಮೊದಮೊದಲು ಹತ್ತರಲ್ಲಿ ಒಂದು ಉಳಿಯಿತು, ಆಮೇಲೆ ಏಳು. ಎಂಟಕ್ಕೆ ಏರಲೇ ಇಲ್ಲ.

ಕೊನೆಗೊಂದು ದಿನ ಕನ್ನಡಿಯನ್ನು ನಾನೂ ಅವರೂ ಅಂಗಡಿಗೆ ಹೊತ್ತೆವು. ಮಹಡಿಗಳು, ಒಣಹಾಕಿದ ಬಟ್ಟೆ, ಮೋಡ, ಎಲ್ಲ ನಮ್ಮ ಕೈಗಳ ನಡುವೆ ತೇಲಿ ಹೋದವು. ಕಾಲಡಿ ನೆಲ ಇದೆಯೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ದೊಡ್ಡಮ್ಮ ಮೇಜಿನ ಮೇಲೆ ಬಗ್ಗಿ ಒಮ್ಮೆ ನೋಡಿಕೊಂಡು ಹಿಂದೆ ಸರಿದಳು. ಚಕ್ರ ಹಾಡತೊಡಗಿತು. ಮುಕ್ಕಾಲು ಸುತ್ತಿನಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಹಾಡು ತಪ್ಪಿತು. ಎಳೆದ ಗೀರಿನ ಮೇಲೆ ಮತ್ತೆ ಎಳೆಯಬಾರದು ಎನ್ನುವುದು ಗಾಜಿನವರ ಮೊದಲ ಪಾಠ. ಎಷ್ಟೋ ಜನರಿಗೆ ಅದನ್ನು ಹೇಳಿಕೊಟ್ಟವರು ದೊಡ್ಡಪ್ಪನೇ. ಸುತ್ತು ಮುಗಿಸಿದವರು ಮನಸ್ಸು ತಡೆಯದೆ ಆ ಅಕ್ಕಿಕಾಳಿನ ಮೇಲೆ ಚಕ್ರವನ್ನು ಮತ್ತೆ ಇಟ್ಟರು.

ಟಕ್ಕೆಂದಿತು. ಕನ್ನಡಿ ನಟ್ಟನಡುವೆ ಸೀಳಿ ಐದಾರು ಚೂರಾಯಿತು.

ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡುವುದೇ ಎಂದು ನನಗೆ ಸಿಟ್ಟು ಬಂತು. ದೊಡ್ಡಪ್ಪ ಸ್ಟೂಲಿನ ಮೇಲೆ ಕುಸಿದು ಅತ್ತೇಬಿಟ್ಟರು. ದೊಡ್ಡಮ್ಮ ಅಳಲಿಲ್ಲ. ಚೂರೊಂದನ್ನು ಅವರ ಮುಂದಿಟ್ಟು, ಇದರಲ್ಲೇ ಒಂದು ದುಂಡಗೆ ಮಾಡಿಕೊಡಿ ಎಂದಳು.

ಹೆದರಲು ಇನ್ನೇನೂ ಉಳಿದಿರಲಿಲ್ಲ. ಒಂದೇ ಉಸಿರಿಗೆ ಸುತ್ತು ಎಳೆದು ಕೆಳಗಿಂದ ತಟ್ಟಿದರು. ಬಳೆಯಗಲದ ಕನ್ನಡಿ ಕಳಿತ ಹಣ್ಣಿನ ಹಾಗೆ ಕಳಚಿ ಬಂತು.

ದೊಡ್ಡಮ್ಮ ಅದನ್ನು ಹಿಡಿದು ನೋಡಿದಳು. ಕಣ್ಣು ಬಂದರೆ ಬಾಯಿಲ್ಲ, ಬಾಯಿ ಬಂದರೆ ಕಣ್ಣಿಲ್ಲ. ಅಮ್ಮ ಪೂರ್ತಿ ಬರ್ತಿಲ್ಲ ಎಂದಳು.

“ಪೂರ್ತಿ ನನಗೆ ಕಾಣ್ತಾರಲ್ಲ,” ಎಂದರು ದೊಡ್ಡಪ್ಪ. “ಹೇಗಿದ್ದಾರೆ ಅಂತ ನಾನು ದಿನಾ ಹೇಳ್ತೀನಿ.”

ಈಗ ದಿನಾ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವಾಗ ದೊಡ್ಡಪ್ಪ ಎದುರಿಗೆ ಕೂರುತ್ತಾರೆ. ಅತ್ತೆ ಇವತ್ತು ಯಾಕೋ ನಿದ್ದೆಗೆಟ್ಟ ಹಾಗಿದ್ದಾರೆ ಎನ್ನುತ್ತಾರೆ. ದೊಡ್ಡಮ್ಮ ನಗುತ್ತಾಳೆ. ಅತ್ತೆ ನಕ್ಕರು ಎನ್ನುತ್ತಾರೆ.