ಒಂದು ಗೇಣಗಲದ ಸಾಕ್ಷಿ

ನೀರು ಸರಬರಾಜು ಕಚೇರಿಯ ಹಿಂದಿನ ಬಯಲಿನಲ್ಲಿ, ತಂತಿಬೇಲಿಯೊಳಗೆ, ಮಳೆ ಅಳೆಯುವ ಪಾತ್ರೆಯೊಂದನ್ನು ನೆಟ್ಟಿದ್ದಾರೆ. ಅದರ ಬಾಯಿ ಒಂದು ಗೇಣಗಲ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಅಳತೆಗಾಜಿಗೆ ಸುರಿದು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ ದಾಖಲಿಸುವುದು ಆ ಕಚೇರಿಯ ನೌಕರನಾದ ಆತ ಹತ್ತೊಂಬತ್ತು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಬೀದಿಯವರು ಆತನಿಗೆ ಮಿಲಿಮೀಟರ್ ಎಂದು ಹೆಸರಿಟ್ಟಿದ್ದರು. ಯಾರಾದರೂ ನಿನ್ನೆ ಎಂಥಾ ಮಳೆ ಎಂದು ಉದ್ಗರಿಸಿದರೆ, "ಹದಿಮೂರೂವರೆ" ಎಂದು ತಿದ್ದದೆ ಆತನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪಾತ್ರೆಯೊಳಗೆ ಬಿದ್ದದ್ದು ಮಳೆ, ಹೊರಗೆ ಬಿದ್ದದ್ದು ಹರಟೆ ಎಂಬುದು ಆತನ ಸಿದ್ಧಾಂತ.

ಆ ಸಿದ್ಧಾಂತವೇ ಅಕ್ಕನ ಮನೆಗೆ ಕೊಳ್ಳಿಯಾಯಿತು.

ಭಾವ ನಗರದ ಬಸ್ಸಿನ ಚಾಲಕ. ಒಂದು ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ, ಪ್ರಯಾಣಿಕರೂ ಕಂಡಕ್ಟರೂ ಇಳಿದ ಮೇಲೆ, ಖಾಲಿ ಬಸ್ಸನ್ನು ಡಿಪೋಗೆ ಒಯ್ಯುತ್ತಿದ್ದ. ರಜೆಯ ದಿನವಾದ್ದರಿಂದ ಗೋದಾಮುಗಳ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ತಿರುವಿನಲ್ಲಿ ಬಸ್ಸು ಜಾರಿ ದೀಪದ ಕಂಬಕ್ಕೆ ಬಡಿಯಿತು. ಇದ್ದಕ್ಕಿದ್ದಂತೆ ಜೋರುಮಳೆ ಬಂತು, ಟೈರು ಹಿಡಿತ ತಪ್ಪಿತು ಎಂದು ಭಾವ ಬರೆದುಕೊಟ್ಟ. ಅಧಿಕಾರಿಗಳು ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ರಸ್ತೆ ಒಣಗಿತ್ತು, ಬಿಸಿಲು ಸುಡುತ್ತಿತ್ತು. ಡಿಪೋದವರು ಮಳೆಯ ದಾಖಲೆ ಕೇಳಿದರು. ಆತನದೇ ಸಹಿಯಡಿ ಉತ್ತರ ಹೋಯಿತು: ಸೊನ್ನೆ. ಈಗ ಭಾವನ ಮೇಲೆ ಎರಡು ಆರೋಪ. ಅತಿವೇಗಕ್ಕೆ ಶಿಕ್ಷೆಯಾದೀತು, ಸುಳ್ಳು ಹೇಳಿಕೆಗಾದರೆ ಕೆಲಸವೇ ಹೋದೀತು. ವಿಚಾರಣೆಗೆ ಹನ್ನೆರಡು ದಿನ ಉಳಿದಿತ್ತು.

ಅಕ್ಕ ಬಂದವಳು ಕೂರಲಿಲ್ಲ.

"ಸೊನ್ನೆ ಸುತ್ತೋಕೆ ನಿಂಗೆ ಅಷ್ಟು ಅವಸರ ಇತ್ತೇನೋ?"

"ಪಾತ್ರೆ ಒಣಗಿತ್ತು ಅಕ್ಕ."

"ಪಾತ್ರೆ ಒಣಗಿತ್ತು, ಸರಿ. ನಿನ್ನ ಎದೆಗೇನಾಗಿತ್ತು? ಒಂದೆರಡು ಮಿಲಿಮೀಟರ್ ಅಂತ ತಿದ್ದು. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ."

"ಆಗುತ್ತಪ್ಪ. ನೀನು ಹುಟ್ಟಿದಾಗ ಅಮ್ಮ ಹೆತ್ತಿದ್ದು ಮಗೂನಲ್ಲ, ತಕ್ಕಡಿ."

ಅವಳು ಹೋದ ಮೇಲೆ ಆತನಿಗೆ ಒಂದು ಆಸೆ ಮಿಂಚಿತು. ಭಾನುವಾರ ಸಂಜೆ ಸುರಿದ ಮಳೆಯನ್ನು ಅಳೆಯುವುದು ಸೋಮವಾರ ಬೆಳಿಗ್ಗೆ. ಅದು ಸೋಮವಾರದ ಸಾಲಿಗೆ ಸೇರುತ್ತದೆ. ಡಿಪೋದವರಿಗೆ ಹೋದದ್ದು ಭಾನುವಾರದ ಸಾಲಾಗಿದ್ದರೆ? ಕಚೇರಿಗೆ ಓಡಿ ಪುಸ್ತಕ ತೆರೆದ. ಸೋಮವಾರದ ಎದುರಿಗೂ ಅದೇ ಸೊನ್ನೆ, ತನ್ನದೇ ದುಂಡು ಅಕ್ಷರದಲ್ಲಿ.

ಅಂದಿನಿಂದ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನ್ನಿಸತೊಡಗಿತು. ಊಟದ ನಡುವೆ ಎದ್ದು ಕಿಟಕಿಗೆ ಹೋಗುತ್ತಿದ್ದ. ಭಾವ ಸುಳ್ಳು ಹೇಳಿದನೇ? ಇಲ್ಲವಾದರೆ ಪಾತ್ರೆ ಸುಳ್ಳು ಹೇಳಿತೇ? ಎರಡೂ ನಿಜವಾಗಿರುವ ದಾರಿಯೊಂದಿತ್ತು. ತರಬೇತಿಯ ಕಾಲದಲ್ಲಿ ಕಲಿತದ್ದೇ ಅದು; ಆದರೆ ಕಲಿತದ್ದನ್ನು ತನ್ನ ಪಾತ್ರೆಗೆ ಅನ್ವಯಿಸುವ ಪ್ರಸಂಗ ಆತನಿಗೆ ಎಂದೂ ಬಂದಿರಲಿಲ್ಲ.

ಯಾವ ಮಳೆಯಾದರೂ ತೇವದ ಗಾಳಿ ಮೇಲೇರಬೇಕು, ಏರುತ್ತ ತಣಿಯಬೇಕು, ತಣಿದಾಗ ಅದರೊಳಗಿನ ಆವಿ ಹನಿಗಟ್ಟಬೇಕು. ಭೇದವಿರುವುದು ಗಾಳಿಯನ್ನು ಮೇಲೆತ್ತುವವರು ಯಾರು ಎಂಬುದರಲ್ಲಿ. ಬೆಟ್ಟ ಅಡ್ಡ ನಿಂತು ಎತ್ತಿದರೆ ಗಾಳಿಗೆ ಎದುರಾದ ಮಗ್ಗುಲು ನೆನೆಯುತ್ತದೆ, ಹಿಂದಿನ ಮಗ್ಗುಲು ಒಣಗಿರುತ್ತದೆ. ಆ ಪಕ್ಷಪಾತ ಬಹುಪಾಲು ಬದಲಾಗದು. ತಣ್ಣನೆಯ ಭಾರದ ಗಾಳಿ ಬಿಸಿಗಾಳಿಯ ಅಡಿಗೆ ನುಗ್ಗಿ ಎತ್ತಿದರೆ ನೂರಾರು ಮೈಲಿಯುದ್ದಕ್ಕೂ ಮೋಡ ಹಾಸಿ, ಊರಿಗೆ ಊರೇ ಒದ್ದೆಯಾಗುತ್ತದೆ. ಅಂಥ ಮಳೆಗೆ ಒಂದು ಪಾತ್ರೆಯ ಮಾತು ಸಾಕು. ಮೂರನೆಯದು ಕಾದ ನೆಲವೇ ಎತ್ತುವ ಮಳೆ. ಹಗಲೆಲ್ಲ ಬೆಂದ ನೆಲದಿಂದ ಗಾಳಿ ಅಲ್ಲೊಂದು ಇಲ್ಲೊಂದು ಕಂಬದಂತೆ ಏರಿ, ಸಂಜೆಗೆ ಮೋಡವಾಗಿ ಉಬ್ಬಿ, ತನ್ನ ಕಾಲಬುಡದಲ್ಲೇ ಅರ್ಧ ಗಂಟೆ ಸುರಿದು ಮುಗಿಯುತ್ತದೆ. ಒಂದು ಬೀದಿಯಲ್ಲಿ ಚರಂಡಿ ಉಕ್ಕಿದರೆ ಪಕ್ಕದ ಬೀದಿಯಲ್ಲಿ ಧೂಳು ಏಳುತ್ತಿರುತ್ತದೆ.

ಭಾನುವಾರ ಬಂದಿದ್ದರೆ ಇದೇ ಮಳೆ. ಆದರೆ ತರಬೇತಿಯ ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ನಂಬುವ ಜಾಯಮಾನ ಆತನದಲ್ಲ. ತನ್ನ ಊರಿನಲ್ಲಿ ಅದು ಹಾಗೆಯೇ ನಡೆಯುತ್ತದೆಂದು ಕಣ್ಣಾರೆ ಕಾಣಬೇಕಿತ್ತು. ನೇರ ಗೋಡೆಯ, ಚಪ್ಪಟೆ ತಳದ ಐದು ಬಿಸ್ಕತ್ತಿನ ಡಬ್ಬಿಗಳನ್ನು ತಂದು ಕ್ಷೌರದಂಗಡಿ, ಶಾಲೆ, ಟೈರಿನಂಗಡಿ, ಅಕ್ಕನ ಮನೆ, ತಿರುವಿನ ಪಕ್ಕದ ಗೋದಾಮು, ಈ ಐದು ತಾರಸಿಗಳ ಮೇಲಿಟ್ಟ. ದಿನವೂ ನಾಲ್ಕಕ್ಕೆ ಸೈಕಲ್ಲೇರಿ ಮೋಡದ ಹಿಂದೆ ಅಲೆದ.

"ಏನ್ರೀ ಮಿಲಿಮೀಟರ್, ನಿಮ್ಮ ಒಂದು ಪಾತ್ರೆ ನೋಡಿದ್ರೇನೇ ಮೋಡ ಹೆದರ್ತಿತ್ತು" ಎಂದ ಕ್ಷೌರದವನು. "ಈಗ ಐದು ಇಟ್ರೆ ಊರನ್ನೇ ಬಿಟ್ಟು ಓಡುತ್ತೆ."

ಆರು ದಿನ ಹಾಗೆಯೇ ಆಯಿತು. ಆಕಾಶ ಉಬ್ಬುತ್ತಿತ್ತು, ಸೊರಗುತ್ತಿತ್ತು. ಏಳನೆಯ ದಿನ ಹೂಕೋಸಿನಂಥ ಮೋಡವೊಂದು ಕಪ್ಪಾಗಿ ಒಡೆಯಿತು. ಕೊನೆಯ ಹನಿ ಬೀಳುತ್ತಿದ್ದಂತೆ ತಾರಸಿಯಿಂದ ತಾರಸಿಗೆ ಏಣಿ ಹತ್ತಿ ಅಳತೆಪಟ್ಟಿ ಇಳಿಸಿದ. ಶಾಲೆಯಲ್ಲಿ ಹದಿನೆಂಟು, ಗೋದಾಮಿನಲ್ಲಿ ಒಂಬತ್ತು. ಉಳಿದ ಮೂರೂ ಡಬ್ಬಿಗಳು ಒಣಒಣ. ಏದುಸಿರು ಬಿಡುತ್ತ ಕಚೇರಿಗೆ ಬಂದರೆ ತಂತಿಬೇಲಿಯೊಳಗಿನ ಪಾತ್ರೆಯಲ್ಲಿ ಒಂದು ಹನಿಯೂ ಇರಲಿಲ್ಲ. ಹಿಗ್ಗಿನ ಬೆನ್ನಿಗೇ ಹಳೆಯ ಪುಸ್ತಕಗಳ ಸೊನ್ನೆಗಳು ನೆನಪಾದವು. ಹತ್ತೊಂಬತ್ತು ವರ್ಷ ಎಷ್ಟು ಬೀದಿಗಳ ಮಳೆಯನ್ನು ತಾನು ಹರಟೆ ಎಂದು ತಳ್ಳಿಹಾಕಿದ್ದೆನೋ.

ವಿಚಾರಣೆಯ ದಿನ ಅಕ್ಕ ಹೊರಗಿನ ಬೆಂಚಿನಲ್ಲಿ, ತೆರೆದ ಬಾಗಿಲಿಗೆ ಎದುರಾಗಿ ಕೂತಿದ್ದಳು. ಆತ ಹಾಳೆ ಬಿಡಿಸಿ ಐದು ಡಬ್ಬಿಗಳ ಕಥೆ ಹೇಳಿದ. ಅಧಿಕಾರಿ ಕನ್ನಡಕ ತೆಗೆದರು.

"ಅಂದ್ರೆ, ಆ ಭಾನುವಾರ ಅಲ್ಲಿ ಮಳೆ ಬಂದಿತ್ತು ಅಂತೀರಾ?"

ಹೂಂ ಎಂದರೆ ಮುಗಿಯುತ್ತಿತ್ತು. ಅಕ್ಕನ ದೃಷ್ಟಿ ಬೆನ್ನಿಗೆ ತಾಗಿದಂತಿತ್ತು. ಭಾವ ನೆಲ ನೋಡುತ್ತಿದ್ದ.

"ಬಂದಿತ್ತು ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ ಸಾರ್. ಬರ್ಲಿಲ್ಲ ಅನ್ನೋಕೆ ನನ್ನ ಪುಸ್ತಕದಲ್ಲೂ ಇಲ್ಲ."

"ಮತ್ತೆ ಇಷ್ಟು ವರ್ಷ ಅಳೆದಿದ್ದೇನನ್ನ?"

"ಒಂದು ಗೇಣು ಜಾಗಾನ ಸಾರ್. ಊರಿಗೆಲ್ಲ ಬರೋ ಮಳೆಗೆ ಅದು ಸಾಕು. ಸಂಜೆ ಮಳೆಗೆ ಸಾಲದು. ಅದನ್ನ ನಾನು ಮೊದಲೇ ಬರೆದು ಕಳಿಸ್ಬೇಕಿತ್ತು. ತಪ್ಪು ನಂದು."

ಅಧಿಕಾರಿ ಬಹಳ ಹೊತ್ತು ಬರೆದರು. ಸುಳ್ಳು ಹೇಳಿಕೆಯ ಆರೋಪ ಬಿದ್ದುಹೋಯಿತು. ಮಳೆಯಿರಲಿ ಬಿಡಲಿ, ತಿರುವಿನಲ್ಲಿ ವೇಗ ತಗ್ಗಿಸಬೇಕಿತ್ತೆಂದು ಆರು ತಿಂಗಳು ಬಸ್ಸಿನಿಂದಿಳಿಸಿ ಭಾವನನ್ನು ಡಿಪೋದ ಟೈರು ವಿಭಾಗಕ್ಕೆ ಹಾಕಿದರು.

"ಒಂದು ಹೂಂ ಅಂದಿದ್ರೆ ಆ ಆರು ತಿಂಗಳೂ ತಪ್ತಿತ್ತು" ಎಂದು ಹೇಳಿ ಅಕ್ಕ ಮುಂದೆ ಮುಂದೆ ನಡೆದುಬಿಟ್ಟಳು.

ನಿಲ್ದಾಣದಲ್ಲಿ ಭಾವ ಕೇಳಿದ: "ನೀನೂ ನನ್ನ ನಂಬ್ಲಿಲ್ಲ, ಅಲ್ವಾ?"

"ನಂಬ್ತೀನಿ ಭಾವ. ಆದ್ರೆ ನನ್ನ ನಂಬಿಕೆ ಅಳತೆ ಅಲ್ವಲ್ಲ."

ಬಸ್ಸು ಬಂತು. ಭಾವ ಹತ್ತಿ ಕಿಟಕಿಯ ಬದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟ. ಆತ ಹೋಗಿ ಕೂತ. ದಾರಿಯುದ್ದಕ್ಕೂ, ಪ್ರತಿ ತಿರುವಿಗೆ ಮುಂಚೆ, ಭಾವನ ಬಲಗಾಲು ಬ್ರೇಕಿಲ್ಲದ ಖಾಲಿ ನೆಲವನ್ನು ಬಲವಾಗಿ ಒತ್ತುತ್ತಿತ್ತು.