ಕೊಡೆ ನೇತಾಡುವ ಕೊಳವೆ

ಮನೆಗೆ ಬಣ್ಣ ಬಳಿಯಲು ಬಂದಾತ ಮೊನ್ನೆ ಬಾಗಿಲ ಪಕ್ಕದ ಗೋಡೆಯಿಂದ ಒಂದು ತಾಮ್ರದ ಕೊಳವೆಯನ್ನು ಕಿತ್ತು ನನ್ನ ಮುಂದೆ ಹಿಡಿದ.

"ಇದು ಎಂತ ಸರ್? ಗುಜರಿಗೆ ಹಾಕ್ಲಾ?"

"ಕೊಡೆ ಸಿಕ್ಕಿಸುವುದು ಮಾರಾಯ. ಇಲ್ಲಿ ಕೊಡು" ಎಂದು ತೆಗೆದುಕೊಂಡು, ಯಾಕೋ, ಮೂಸಿ ನೋಡಿದೆ. ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಬಂತು. ಮೂವತ್ತೈದು ವರ್ಷ ಗೋಡೆಯ ಮೇಲಿದ್ದ ತಾಮ್ರದಲ್ಲಿ ವಾಸನೆ ಉಳಿದೀತೇ ಎಂದು ನೀವು ಕೇಳುತ್ತೀರಿ. ಉಳಿಯಲಾರದು. ಯಾರಾದರೂ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಆದರೆ ಮೂಗು ಪರೀಕ್ಷೆಗೆ ಕೂತ ವಿದ್ಯಾರ್ಥಿಯಲ್ಲ. ಅದಕ್ಕೆ ಬಂದದ್ದು ಬಂತು.

ಮಳೆಗಾಲದಲ್ಲಿ ನೆಂಟರು ಕೊಡೆ ಸಿಕ್ಕಿಸುತ್ತಾ ಇದು ಏನೆಂದು ಕೇಳಿದಾಗಲೆಲ್ಲ ನಾನು ಒಂದು ಕತೆ ಹೇಳುತ್ತಿದ್ದೆ. ಅರುವತ್ತರ ದಶಕದಲ್ಲಿ ನಾನೂ ಮೋನಾಕನೂ ಸೇರಿ ಹಳೆಯ ಇಂಗ್ಲಿಷ್ ಕಾರೊಂದಕ್ಕೆ ಟರ್ಬೋ ಕೂರಿಸಿದ್ದು, ಅದು ಹೊಗೆ ಕಾರಿದ್ದು, ಎಣ್ಣೆ ಹಿಂದಿರುಗುವ ದಾರಿಯನ್ನು ನಾನು ಸರಿಪಡಿಸಿದ್ದು, ನಾವಿಬ್ಬರೂ ಕುಲಶೇಖರದ ಏರನ್ನು ಗೇರು ಇಳಿಸದೆ ಹತ್ತಿದ್ದು, ಕೊನೆಗೆ ಕಾರು ಮಾರುವಾಗ ಆ ಸರಿಯಾದ ಕೊಳವೆಯನ್ನು ಮಾತ್ರ ನಾನು ಬಿಚ್ಚಿಟ್ಟುಕೊಂಡದ್ದು. ಒಳ್ಳೆಯ ಕತೆ. ಹೇಳಿ ಹೇಳಿ ನುಣುಪಾಗಿತ್ತು.

ಮೋನಾಕ ಎಂದರೆ ಮೋನು ಬ್ಯಾರಿ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಹಾಗಾಗಿ ಹೆಸರಿಗೆ ಅಣ್ಣನ ಮರ್ಯಾದೆ ಸೇರಿ ಊರವರ ಬಾಯಲ್ಲೆಲ್ಲ ಮೋನಾಕ. ಈ ಏರಿನ ಬುಡದಲ್ಲಿ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಅವರ ಗ್ಯಾರೇಜು. ನಾನು ಆಗಷ್ಟೇ ಎಂಜಿನಿಯರಿಂಗ್ ಓದಿ ಮುಗಿಸಿ ಸುರತ್ಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದೆ. ಪಣಂಬೂರಿನಲ್ಲಿ ಬಂದರಿಗಾಗಿ ಮಣ್ಣು ಅಗೆಯುತ್ತಿದ್ದ ಕಾಲ ಅದು. ಅಲ್ಲಿ ಕೆಟ್ಟುಹೋದ ಯಾವುದೋ ಯಂತ್ರದ ಟರ್ಬೋ ಗುಜರಿಗೆ ಬಂದು, ಗುಜರಿಯಿಂದ ಮೋನಾಕನ ಕೈಗೆ ಬಂತು. ಎಂಜಿನ್ ಉಗುಳುವ ಹೊಗೆಯಿಂದ ಒಂದು ಚಕ್ರ ತಿರುಗಿ, ಅದರ ಜೊತೆಗಿನ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ ಅದು. ನಮ್ಮ ಕಾರಿಗೆ ತಮ್ಮನಿಗೆ ಅಣ್ಣನ ಅಂಗಿ ತೊಡಿಸಿದಷ್ಟು ದೊಡ್ಡದು.

ಮೋನಾಕನಿಗೆ ಬಹರೈನಿನಲ್ಲಿ ಕೆಲಸ ಗೊತ್ತಾಗಿತ್ತು. ಬೊಂಬಾಯಿಯಿಂದ ಹಡಗು ಹೊರಡುವ ದಿನವೂ ತಿಳಿದಿತ್ತು. "ಹೋಗುವ ಮೊದಲು ಒಂದೇ ಒಂದು ಸಲ ಮಾಸ್ಟ್ರೇ, ಟಾಪ್ ಗೇರಿನಲ್ಲಿ ಈ ಏರು ಹತ್ತಬೇಕು. ಎಲ್ಲರೂ ಮೋರಿಯ ಹತ್ತಿರ ಗೇರು ಇಳಿಸ್ತಾರೆ, ನಾವು ಇಳಿಸಲಿಕ್ಕಿಲ್ಲ. ನೀವು ಪಕ್ಕದಲ್ಲಿ ಕೂತ್ಕೊಂಡು ಇರಬೇಕು" ಎಂದಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಈಗ ಅವರ ಮಾತು ನನಗೆ ಕನ್ನಡದಲ್ಲಿ ನೆನಪಾಗುತ್ತದೆ. ಇಂಥ ನೆನಪನ್ನು ಎಷ್ಟು ನಂಬಬೇಕೋ, ನೀವೇ ಹೇಳಿ.

ಟರ್ಬೋದ ನಡುವಿನ ದಂಡ ಭಯಂಕರ ವೇಗದಲ್ಲಿ ತಿರುಗುವುದರಿಂದ ಅದಕ್ಕೆ ಸದಾ ಎಣ್ಣೆ ಬೇಕು. ಎಂಜಿನ್ನಿನಿಂದ ಒಂದು ಸಣ್ಣ ಕೊಳವೆಯಲ್ಲಿ ಎಣ್ಣೆ ಒತ್ತಡದಿಂದ ಹೋಗುತ್ತದೆ; ಇನ್ನೊಂದು ಕೊಳವೆಯಲ್ಲಿ ಒತ್ತಡವಿಲ್ಲದೆ, ತನ್ನ ಭಾರಕ್ಕೇ ಇಳಿದು ಎಂಜಿನ್ನಿನ ತಳದ ತೊಟ್ಟಿಗೆ ಹಿಂದಿರುಗಬೇಕು. ಹೋದಷ್ಟೇ ತಾನೇ ಬರುವುದು ಎಂದು ಲೆಕ್ಕ ಹಾಕಿ ನಾನು ಎರಡಕ್ಕೂ ಒಂದೇ ಗಾತ್ರದ, ಕಿರುಬೆರಳು ದಪ್ಪದ ಕೊಳವೆ ಬರೆದೆ. ದಾರಿಯಲ್ಲಿ ಸ್ಟಿಯರಿಂಗ್ ರಾಡು ಅಡ್ಡ ಬರುತ್ತಿತ್ತು. ಕೊಳವೆಯನ್ನು ಅದರ ಕೆಳಗಿಂದ ಇಳಿಸಿ, ಮತ್ತೆ ಮೇಲಕ್ಕೆತ್ತಿ ತೊಟ್ಟಿಗೆ ಸೇರಿಸಿದೆ.

ಮೋನಾಕ ಚಿತ್ರ ನೋಡಿ ತಲೆ ತುರಿಸಿಕೊಂಡರು. "ಮಳೆ ಬಂದ್ರೆ ಮಾಡಿನ ನೀರು ಸೂರಿನ ದಂಬೆಗೆ ಬೀಳ್ತದೆ, ದಂಬೆಯಿಂದ ಅಂಗಳಕ್ಕೆ. ನಡುವೆ ಯಾರಾದ್ರೂ ದಂಬೆಯನ್ನು ಮೇಲಕ್ಕೆ ಎತ್ತಿ ಕಟ್ತಾರಾ? ಕಟ್ಟಿದ್ರೆ ನೀರು ಮನೆಯ ಒಳಗೆ."

"ದಂಬೆ ಅಲ್ಲ ಮೋನಾಕ, ಇದು ಫ್ಲುಯಿಡ್ ಮೆಕ್ಯಾನಿಕ್ಸ್."

"ಆಯ್ತಪ್ಪ. ನಾನು ಬರೀ ಮೆಕ್ಯಾನಿಕ್" ಎಂದು ನಾನು ಬರೆದ ಹಾಗೆಯೇ ಬಗ್ಗಿಸಿ ಕೂರಿಸಿದರು.

ಕಾರು ಚಾಲೂ ಆಗಿ ಐದು ನಿಮಿಷಕ್ಕೆ ನೀಲಿ ಹೊಗೆ ಗ್ಯಾರೇಜನ್ನು ತುಂಬಿತು. ಹಿಂದಿರುಗಲು ದಾರಿ ಸಿಗದ ಎಣ್ಣೆ ಟರ್ಬೋದ ಒಳಗೇ ತುಂಬಿ, ಸಂದಿಯಿಂದ ನುಗ್ಗಿ ಉರಿಯುತ್ತಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ "ಮೋನಾಕ, ಮೀನು ಸುಡುವುದಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿಮ್ಮ ಬೆಸುಗೆ ಸರಿಯಿಲ್ಲ ಎಂದು ಮೋನಾಕನಿಗೆ ಹೇಳಿ ಮನೆಗೆ ಬಂದುಬಿಟ್ಟೆ. ಹಡಗಿಗೆ ಹೊರಡಲು ಆಗ ಅವರಿಗೆ ಉಳಿದದ್ದು ನಾಲ್ಕೇ ದಿನ.

ಈ ಬೆಸುಗೆಯ ಮಾತನ್ನು ನೆಂಟರಿಗೆ ನಾನು ಎಂದೂ ಹೇಳಿದ್ದಿಲ್ಲ. ಮೊನ್ನೆಯವರೆಗೆ ನನಗೇ ಹೇಳಿಕೊಂಡಿದ್ದೆನೋ ಇಲ್ಲವೋ.

ಮೊನ್ನೆ ಕೊಳವೆಯನ್ನು ಮಡಿಲಲ್ಲಿಟ್ಟು ಕೂತಾಗ ಕಂಡದ್ದು ಇಷ್ಟೇ: ಅದು ಕಿರುಬೆರಳು ದಪ್ಪವಿತ್ತು. ಇಳಿದು, ಬಗ್ಗಿ, ಮತ್ತೆ ಮೇಲೇರಿತ್ತು. ಸರಿಯಾದ ಕೊಳವೆ ಹೆಬ್ಬೆರಳಿಗಿಂತ ದಪ್ಪಗೆ, ಎಲ್ಲಿಯೂ ತಗ್ಗಿಲ್ಲದೆ ಇಳಿಯಬೇಕು. ಗೋಡೆಗೆ ಅಂಥದ್ದನ್ನು ಹೊಡೆದಿದ್ದರೆ ಸಿಕ್ಕಿಸಿದ ಕೊಡೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಎಣ್ಣೆಯನ್ನು ತಡೆದ ತಗ್ಗಿನಲ್ಲೇ ಇಷ್ಟು ವರ್ಷ ನಮ್ಮ ಮನೆಯ ಕೊಡೆಗಳು ನೇತಾಡಿವೆ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡಿದ ಎಂಜಿನಿಯರನಿಗೆ ಅದು ಕಾಣಲಿಲ್ಲ.

ಹಾಗಾದರೆ ತಪ್ಪು ಕೊಳವೆ ನನ್ನ ಕೈಗೆ ಬಂದದ್ದು ಹೇಗೆ?

ಆಗ ಗೇಟು ನೆನಪಾಯಿತು. ಹೊರಡುವ ಹಿಂದಿನ ದಿನ ಮೋನಾಕ ಕಾರನ್ನು ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿದ್ದರು. ಎಂಜಿನ್ ಚಾಲೂ ಇತ್ತು. ಟರ್ಬೋವನ್ನು ಒಂದು ಗೇಣು ಎತ್ತರಿಸಿ, ದಪ್ಪ ಕೊಳವೆಯನ್ನು ಇಳಿಜಾರಾಗಿ ರಾಡಿನ ಈಚೆಯಿಂದಲೇ ತೊಟ್ಟಿಗೆ ಬಿಟ್ಟಿದ್ದರು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ಹೊಗೆ ಇಲ್ಲ ನೋಡಿ."

"ಪೇಪರ್ ತಿದ್ದಲಿಕ್ಕೆ ಉಂಟು."

"ಹತ್ತು ನಿಮಿಷ ಅಲ್ವಾ?"

"ತುಂಬ ಉಂಟು ಮೋನಾಕ."

ಅವರು ಬಾಗಿಲು ತೆಗೆದು ಇಳಿದರು. ಆಮೇಲೆ ಸೀಟಿನ ಕೆಳಗಿಂದ ನನ್ನ ಕೊಳವೆಯನ್ನು ತೆಗೆದು ಗೇಟಿನ ಕಂಬದ ಮೇಲಿಟ್ಟರು. ಚೆನ್ನಾಗಿ ಒರೆಸಿ ತಂದಿದ್ದರು. "ಹಾಗಾದ್ರೆ ಇದು ನಿಮ್ಮದು. ಬೆಸುಗೆ ಒಮ್ಮೆ ನೋಡಿ, ಬಿಟ್ಟಿಲ್ಲ."

ತಿದ್ದಲು ನನ್ನಲ್ಲಿ ಒಂದು ಪೇಪರೂ ಇರಲಿಲ್ಲ.

ಅವರು ಮತ್ತೆ ಈ ಊರಿಗೆ ಬಂದದ್ದು ನನಗೆ ತಿಳಿಯದು. ಗ್ಯಾರೇಜಿದ್ದಲ್ಲಿ ಈಗ ಔಷಧದ ಅಂಗಡಿ. ಏರು ಹತ್ತುವಾಗ ಮುಖಕ್ಕೆ ಬಡಿದ ಗಾಳಿಯನ್ನು ನಾನು ಎಷ್ಟೋ ಜನಕ್ಕೆ ಬಣ್ಣಿಸಿದ್ದೇನೆ. ಆ ಗಾಳಿ ಎಲ್ಲಿಂದ ಬಂತೋ ಗೊತ್ತಿಲ್ಲ. ನನಗೆ ನಿಜವಾಗಿ ಸಿಕ್ಕಿದ್ದು ಸದ್ದು. ಕೋಣೆಯ ಕಿಟಕಿಯ ಹಿಂದೆ ನಿಂತು ಕೇಳಿದ್ದೆ. ಕಾರು ಮೋರಿ ದಾಟಿತು. ಗೇರು ಇಳಿಯಲಿಲ್ಲ. ಸದ್ದು ಏರುತ್ತಾ ಏರುತ್ತಾ ತೆಳ್ಳಗಾಗಿ ಆಚೆಗೆ ಹೋಯಿತು. ನನ್ನ ನೆನಪುಗಳಲ್ಲಿ ಇದೊಂದನ್ನು ಅನುಮಾನಿಸಲು ನನಗೆ ಮನಸ್ಸಿಲ್ಲ.

ಬಣ್ಣ ಒಣಗಿದ ಮೇಲೆ ಆತ ಕೊಳವೆ ಹಿಡಿದು ಕೇಳಿದ. "ಬಗ್ಗಿದೆ ಸರ್. ಪೆಟ್ಟು ಹಾಕಿ ನೇರ ಮಾಡ್ಲಾ?"

"ಬೇಡ. ಇದ್ದ ಹಾಗೇ ಹೊಡಿ."

ಆತ ಹೊಡೆದ. ನಾನು ಕೊಡೆ ಸಿಕ್ಕಿಸಿದೆ, ನಿಂತಿತು. ಜಗಲಿಗೆ ಬಂದು ಕೂತೆ. ಮೋರಿಯ ಹತ್ತಿರ ಒಂದು ಬಸ್ಸು ಗೇರು ಇಳಿಸಿತು. ಅದರ ಹಿಂದೆ ಒಂದು ಲಾರಿ ಇಳಿಸಿತು. ಕತ್ತಲಾಗುವವರೆಗೆ ಕೇಳುತ್ತಾ ಕೂತಿದ್ದೆ. ಎಲ್ಲವೂ ಇಳಿಸಿದವು.